ಪದರ ಬಿಟ್ಟು ಪುಡಿ ಹಿಡಿಯಹೊರಟವಳಿಗೆ

ಮಗೂ,

ರಂಧ್ರಮಯ ಸಿಲಿಕಾದ ಫಿಲ್ಮ್ ಕೆಲಸ ಸಾಕಾಯಿತು, ಪುಡಿಗೆ ಬದಲಾಯಿಸಿಕೊಳ್ಳುತ್ತೇನೆ ಎಂದು ನೀನು ಬರೆದದ್ದನ್ನು ಓದಿ ಸಿಟ್ಟು ಬಂತು. ಇಳಿಯಲಿ ಎಂದು ಕಾದೆ, ಪೂರ್ತಿ ಇಳಿದಿಲ್ಲ. ಉತ್ತರವನ್ನು ನಿನಗೊಬ್ಬಳಿಗೇ ಕಳಿಸದೆ ಹೀಗೆ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ, ಏಕೆಂದರೆ ನಿನ್ನಂಥವರು ಎಲ್ಲ ಲ್ಯಾಬುಗಳಲ್ಲೂ ಇದ್ದಾರೆ. ಹೆಸರು ಹಾಕಿಲ್ಲ, ಹೆದರಬೇಡ.

ಪುಡಿಯ ಪರವಾಗಿ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. 1990ರಲ್ಲಿ ಜಪಾನಿನ ವಾಸೆಡಾ ವಿಶ್ವವಿದ್ಯಾಲಯದಲ್ಲಿ ಕುರೋಡಾ ಅವರ ಗುಂಪು ಮಾಡಿದ್ದು ಪುಡಿ, 1992ರಲ್ಲಿ ಮೊಬಿಲ್ ಕಂಪನಿಯವರು ಎಂಸಿಎಂ-41 ಎಂದು ಪ್ರಕಟಿಸಿದ್ದೂ ಪುಡಿ. ಒಂದು ಗ್ರಾಮಿನಲ್ಲಿ ಸುಮಾರು 1000 ಚದರ ಮೀಟರ್ ಮೇಲ್ಮೈ! ಸೀಸೆಗೆ ತುಂಬಬಹುದು, ತೂಗಬಹುದು, ನೈಟ್ರೊಜನ್ ಹೀರಿಸಿ ರಂಧ್ರದ ಅಳತೆ ತೆಗೆಯಬಹುದು. ಫಿಲ್ಮಿನಲ್ಲಿ ಆ ಸುಖವಿಲ್ಲ. ಒಂದು ಚದರ ಸೆಂಟಿಮೀಟರ್ ಗಾಜಿನ ಮೇಲೆ 200 ನ್ಯಾನೊಮೀಟರ್ ದಪ್ಪದ ಪದರ ಕೂತಿದೆ, ಅದರಲ್ಲಿ ಅರ್ಧ ಬರೀ ರಂಧ್ರ ಎಂದುಕೋ. ಉಳಿದ ಸಿಲಿಕಾ 20 ಮೈಕ್ರೊಗ್ರಾಂ ಆಸುಪಾಸು. ಏನನ್ನು ತೂಗುತ್ತೀಯಾ? ನನ್ನ ಜೊತೆಯವನೊಬ್ಬ ಪುಡಿ ಹಿಡಿದು ನನಗಿಂತ ಎಷ್ಟೋ ಮೊದಲು ಡಾಕ್ಟರ್ ಅನ್ನಿಸಿಕೊಂಡ. ಹೊಟ್ಟೆಕಿಚ್ಚು ಆಗಲಿಲ್ಲ ಅಂದರೆ ಸುಳ್ಳಾದೀತು.

ನಾನಿದ್ದದ್ದು ಕರಾವಳಿಯ ಒಂದು ಕಾಲೇಜಿನಲ್ಲಿ. 1997ರಲ್ಲಿ ಅಮೆರಿಕದ ಬ್ರಿಂಕರ್ ಅವರ ಗುಂಪು, ಗಾಜನ್ನು ದ್ರಾವಣದಲ್ಲಿ ಅದ್ದಿ ಮೇಲಕ್ಕೆ ಎಳೆದರೆ ಸಾಕು, ಸಾಲು ಹಿಡಿದ ರಂಧ್ರಗಳ ಪದರ ತಾನಾಗಿಯೇ ಕೂರುತ್ತದೆ ಎಂದು 'ನೇಚರ್' ಪತ್ರಿಕೆಯಲ್ಲಿ ಬರೆದಿತ್ತು. ಅದರ ಜೆರಾಕ್ಸ್ ನಮಗೆ ಅಂಚೆಯಲ್ಲಿ ಬಂತು. ಸಿಲಿಕಾಕ್ಕೆ ಟಿಇಒಎಸ್, ಎಥನಾಲ್, ಚೂರು ಆಮ್ಲ, ನೀರು, ಸಾಬೂನಿನಂಥ ಸಿಟಿಎಬಿ. ಎಲ್ಲವೂ ಕಪಾಟಿನಲ್ಲಿದ್ದ ಸಾಮಾನೇ. ಇಲ್ಲದಿದ್ದದ್ದು ಗಾಜನ್ನು ಅಲುಗದಂತೆ ಎಳೆಯುವ ಯಂತ್ರ. ನಮ್ಮ ಮೇಷ್ಟ್ರು ಆಸ್ಪತ್ರೆಯ ಡ್ರಿಪ್ ಸೆಟ್ ತರಿಸಿದರು. ಗಾಜನ್ನು ನೇತುಹಾಕಿ ಅಲ್ಲೇ ಬಿಟ್ಟು, ಪಾತ್ರೆಯ ತಳದಿಂದ ದ್ರಾವಣವನ್ನೇ ಆ ಕೊಳವೆಯಲ್ಲಿ ಹನಿಹನಿಯಾಗಿ ಇಳಿಸಿದರು. ಗಾಜು ಮೇಲೆ ಬಂದರೇನು, ದ್ರಾವಣ ಕೆಳಗಿಳಿದರೇನು, ಎರಡೂ ಒಂದೇ. ಮೋಟಾರಿನ ನಡುಕದ ಕಾಟವೂ ತಪ್ಪಿತು. ಇವತ್ತು ಲಕ್ಷಗಟ್ಟಲೆ ಕೊಟ್ಟು ಡಿಪ್ ಕೋಟರ್ ತರಿಸಿಕೊಂಡವರು ಇದನ್ನು ಕೇಳಿ ನಗುತ್ತಾರೆ. ನಗಲಿ.

ಜೂನ್ ಬಂತು, ಮಳೆ ಹಿಡಿಯಿತು. ಬೇಸಿಗೆಯಲ್ಲಿ ಕಣ್ಣಿಗೇ ಕಾಣದಷ್ಟು ತಿಳಿಯಾಗಿದ್ದ ಪದರ ಬೆಳ್ಳಗೆ ಮಬ್ಬು ಹಿಡಿಯಿತು. ದ್ರಾವಣ ಅದೇ, ಗಾಜು ಅದೇ. ಮೇಷ್ಟ್ರು ಗೋಡೆಯ ಮೇಲಿನ ತೇವಮಾಪಕ ತೋರಿಸಿದರು, ಅಷ್ಟೆ. ಗಾಜು ಹೊರಬಿದ್ದ ಕ್ಷಣದಿಂದ ಎಥನಾಲ್ ಆರತೊಡಗುತ್ತದೆ. ಉಳಿದ ದ್ರವದಲ್ಲಿ ನೀರು, ಆಮ್ಲ, ಸಿಟಿಎಬಿ ದಟ್ಟವಾಗುತ್ತವೆ. ದಟ್ಟಣೆ ಒಂದು ಮಟ್ಟ ದಾಟಿದೊಡನೆ ಸಿಟಿಎಬಿ ಅಣುಗಳು ಕೊಳವೆಯಾಕಾರದಲ್ಲಿ ಗುಂಪುಕಟ್ಟಿ ಸಾಲಾಗಿ ನಿಲ್ಲುತ್ತವೆ, ಸಿಲಿಕಾ ಅವುಗಳ ಸುತ್ತ ಗೋಡೆ ಕಟ್ಟುತ್ತದೆ. ಆಮ್ಲ ಹಾಕುವುದೇ ಈ ಗೋಡೆ ಬೇಗ ಗಟ್ಟಿಯಾಗಬಾರದೆಂದು. ಪಿಎಚ್ 2ರ ಹತ್ತಿರ ಸಿಲಿಕಾ ಅತಿ ನಿಧಾನ. ಗೋಡೆ ಮೆತ್ತಗಿರುವಷ್ಟು ಹೊತ್ತೂ ಪದರ ಸುತ್ತಲಿನ ಗಾಳಿಯಿಂದ ನೀರು ತೆಗೆದುಕೊಳ್ಳುತ್ತದೆ, ಬಿಡುತ್ತದೆ. ಒಂದೇ ದ್ರಾವಣದಿಂದ ಷಟ್ಕೋನದ ಜೋಡಣೆಯೂ ಬರಬಹುದು, ಘನಾಕೃತಿಯದೂ ಬರಬಹುದು, ತೀರ್ಮಾನಿಸುವುದು ಗಾಳಿಯ ತೇವ ಎಂದು ಪ್ಯಾರಿಸ್ಸಿನ ಸಂಶೋಧಕರು ಮುಂದೆ ವಿವರವಾಗಿ ತೋರಿಸಿಕೊಟ್ಟರು. ನಮಗೆ ಅದನ್ನು ಮಳೆಗಾಲವೇ ಕಲಿಸಿತ್ತು.

ಮೀನು ಸಾಕುವ ಗಾಜಿನ ತೊಟ್ಟಿ ತಂದೆವು. ಒಳಗೊಂದು ತಟ್ಟೆಯಲ್ಲಿ ಮೆಗ್ನೀಸಿಯಂ ನೈಟ್ರೇಟಿನ ಸಂತೃಪ್ತ ದ್ರಾವಣ. 25 ಡಿಗ್ರಿಯಲ್ಲಿ ಅದು ತೊಟ್ಟಿಯ ತೇವವನ್ನು ಶೇಕಡಾ 53ರ ಸುಮಾರಿಗೆ ಹಿಡಿದಿಡುತ್ತದೆ, ಹೊರಗೆ ಕುಂಭದ್ರೋಣ ಮಳೆ ಸುರಿಯುತ್ತಿದ್ದರೂ. ಅಡುಗೆ ಉಪ್ಪಾದರೆ 75. ತೊಟ್ಟಿಯೊಳಗೆ ಮಾಡಿದ ಪದರ ಮತ್ತೆ ಮಬ್ಬಾಗಲಿಲ್ಲ.

ಈಗ ನಿನ್ನ ವಿಷಯ. ಎಕ್ಸ್‌ರೇಯಲ್ಲಿ ಎರಡೇ ಶಿಖರ ಬಂತು, ಪುಡಿಯಲ್ಲಾದರೆ ಮೂರ್ನಾಲ್ಕು ಬರುತ್ತವೆ, ಹಾಗಾಗಿ ನನ್ನ ಪದರದಲ್ಲಿ ಕ್ರಮವೇ ಇಲ್ಲ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ತಲೆ ಚಚ್ಚಿಕೊಂಡೆ. ಕೊಳವೆಗಳೆಲ್ಲ ಗಾಜಿಗೆ ಸಮಾನಾಂತರ ಮಲಗಿದ್ದರೆ ಉಳಿದ ಶಿಖರಗಳು ಆ ಯಂತ್ರದ ಕಣ್ಣಿಗೆ ಬೀಳುವುದೇ ಇಲ್ಲ. ಕ್ರಮ ಚೆನ್ನಾಗಿದೆ ಎಂಬುದಕ್ಕೆ ಅದೇ ಸುಳಿವಾಗಿರಬಹುದು! ಕಲಿಯುವ ಮೊದಲೇ ಕೈಚೆಲ್ಲುವುದನ್ನು ಯಾರು ಹೇಳಿಕೊಟ್ಟರು ನಿನಗೆ? ನೀನು ಕಳಿಸಿದ ಹಾಳೆಗಳಲ್ಲಿ ಎಳೆತದ ವೇಗವಿದೆ, ಒಲೆಯ ತಾಪವಿದೆ, ಕೋಣೆಯ ತೇವ ಎಲ್ಲೂ ಇಲ್ಲ. ಬೆಂಗಳೂರಿನ ಹವೆ ಹಿತವಾಗಿರಬಹುದು, ಆದರೆ ಏಪ್ರಿಲ್ಲಿನ ಮಧ್ಯಾಹ್ನವೂ ಆಗಸ್ಟಿನ ಸಂಜೆಯೂ ಅಲ್ಲಿ ಒಂದೇ ಅಲ್ಲ.

ಹೆಚ್ಚು ಬೈದೆ. ಫೆಲೋಶಿಪ್ಪಿನ ಗಡುವು, ಮನೆಯವರ ಪ್ರಶ್ನೆ, ಪಕ್ಕದ ಮೇಜಿನವರ ಪ್ರಬಂಧಗಳು, ಎಲ್ಲ ಗೊತ್ತು. ಪುಡಿ ಕೀಳಲ್ಲ, ಆಯ್ಕೆ ನಿನ್ನದೇ. ಸೌರಫಲಕದ ಗಾಜಿಗೆ ಬಳಿಯುವ ಪ್ರತಿಫಲನ ತಡೆಯುವ ಸಿಲಿಕಾಕ್ಕೆ ರಂಧ್ರಗಳಿದ್ದರೆ ಸಾಕು, ಅವು ಸಾಲಾಗಿ ನಿಲ್ಲಬೇಕಿಲ್ಲ ಎಂಬುದೂ ನಿಜ. ನಿನ್ನ ಕೆಲಸಕ್ಕೆ ನಾಳೆಯೇ ಮಾರುಕಟ್ಟೆ ಇದೆ ಎಂದು ಸುಳ್ಳು ಹೇಳಲಾರೆ. ಆದರೆ ಪುಡಿ ಮಾಡುವವರು ಊರ ತುಂಬ ಇದ್ದಾರೆ. ಬಿರುಕಿಲ್ಲದ, ಸಾಲು ತಪ್ಪದ ಪದರವನ್ನು ಕೇಳಿದ ದಿನ ಮಾಡಿಕೊಡಬಲ್ಲ ಕೈಗಳು ಕಡಿಮೆ.

ಗೈಡಿಗೆ ಉತ್ತರ ಕೊಡುವ ಮೊದಲು ಒಂದು ಕೆಲಸ ಮಾಡು. ಮೆಗ್ನೀಸಿಯಂ ನೈಟ್ರೇಟ್ ನಿಮ್ಮ ಸ್ಟೋರಿನಲ್ಲೇ ಸಿಗುತ್ತದೆ. ಒಂದು ಮುಚ್ಚಳವಿರುವ ಪೆಟ್ಟಿಗೆ ಹುಡುಕಿ ಅದರೊಳಗೆ ಪದರ ಎಳೆ, ಒಲೆಯ ತಾಪವನ್ನು ನಿಮಿಷಕ್ಕೆ ಒಂದೇ ಡಿಗ್ರಿಯಂತೆ 400ರವರೆಗೆ ಏರಿಸು, ಪುಸ್ತಕದಲ್ಲಿ ತೇವ ಬರೆದಿಡು. ಆಮೇಲೂ ಬೇಡವೆನಿಸಿದರೆ ಬಿಡು, ನಾನು ಮತ್ತೆ ಈ ಮಾತೆತ್ತುವುದಿಲ್ಲ.