ಊರಿಗೆ ಮರಳಿದ ಯೋಧ

ಯುದ್ಧ ಮುಗಿದ ದಿನ ದೇಶವು ಸಂಭ್ರಮಿಸುತ್ತದೆ. ಆದರೆ ರಣರಂಗದಲ್ಲಿ ಕಾಲನ್ನು ಕಳೆದುಕೊಂಡ ಯೋಧನಿಗೆ ಅಂದಿನಿಂದ ಇನ್ನೊಂದು ಹೋರಾಟ ಆರಂಭವಾಗುತ್ತದೆ. ನಮ್ಮ ಸೈನಿಕರಲ್ಲಿ ಅನೇಕರು ಹಳ್ಳಿಯ ಮಕ್ಕಳು. ಅವರು ಮರಳುವುದೂ ಹಳ್ಳಿಗೇ.

ಸೈನ್ಯವು ಇಂತಹವರನ್ನು ಕೈಬಿಟ್ಟಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ, ಪುಣೆಯಲ್ಲಿ ಕೃತಕ ಅಂಗಗಳ ಕೇಂದ್ರವು ಸ್ಥಾಪನೆಯಾಯಿತು. ಬೆನ್ನುಹುರಿಗೆ ಪೆಟ್ಟು ಬಿದ್ದು ನಡೆಯಲಾರದವರಿಗಾಗಿ 1974ರಲ್ಲಿ ಅಲ್ಲಿಗೆ ಸಮೀಪದ ಖಡಕಿಯಲ್ಲಿ ಪುನರ್ವಸತಿ ಕೇಂದ್ರವೊಂದು ತೆರೆಯಿತು. ಸೇವೆಯಲ್ಲಿ ಅಂಗವಿಕಲರಾದವರಿಗೆ ವಿಶೇಷ ಪಿಂಚಣಿಯೂ ಉಂಟು.

ಆದರೆ ಆಸ್ಪತ್ರೆಯ ನುಣುಪಾದ ನೆಲ ಬೇರೆ, ಊರಿನ ನೆಲ ಬೇರೆ. ಪಾಶ್ಚಾತ್ಯ ಮಾದರಿಯ ಕೃತಕ ಪಾದವು ಬೂಟು ತೊಡುವವರಿಗಾಗಿ, ಕುರ್ಚಿಯಲ್ಲಿ ಕುಳಿತುಕೊಳ್ಳುವವರಿಗಾಗಿ ರೂಪುಗೊಂಡಿತ್ತು. ಬೇಸಾಯಗಾರನಾದರೋ ಬರಿಗಾಲಿನಲ್ಲಿ ಗದ್ದೆಯ ಬದುವಿನ ಮೇಲೆ ನಡೆಯಬೇಕು, ಕೆಸರಿಗೆ ಇಳಿಯಬೇಕು, ಕುಕ್ಕರುಗಾಲಿನಲ್ಲಿ ಕುಳಿತು ಕಳೆ ಕೀಳಬೇಕು, ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಉಣ್ಣಬೇಕು. ಬೂಟನ್ನು ಹೊಸಿಲಿನ ಹೊರಗೆ ಬಿಡಬೇಕಾದ ನಾಡಿನಲ್ಲಿ ಬೂಟಿಲ್ಲದೆ ನಡೆಯದ ಕಾಲು ಎಷ್ಟರಮಟ್ಟಿಗೆ ಉಪಯೋಗಕ್ಕೆ ಬಂದೀತು?

ಇದಕ್ಕೆ ಪರಿಹಾರವು 1968ರ ಸುಮಾರಿಗೆ ಜಯಪುರದಲ್ಲಿ ದೊರೆಯಿತು. ವೈದ್ಯರಾದ ಡಾ. ಪಿ. ಕೆ. ಸೇಠಿಯವರೂ ಕುಶಲಕರ್ಮಿ ರಾಮಚಂದ್ರ ಶರ್ಮರೂ ಕೂಡಿ ರಬ್ಬರಿನ ಪಾದವೊಂದನ್ನು ಸಿದ್ಧಪಡಿಸಿದರು. ಒಬ್ಬರು ದೇಹರಚನೆಯನ್ನು ಓದಿ ಬಲ್ಲವರು. ಇನ್ನೊಬ್ಬರ ವಿದ್ಯೆ ಕೈಯಲ್ಲಿತ್ತು. ಆ ಪಾದವು ಎಲ್ಲ ದಿಕ್ಕಿಗೂ ಬಾಗುತ್ತಿತ್ತು, ನೀರಿಗೆ ಕೆಡುತ್ತಿರಲಿಲ್ಲ, ಬೆರಳುಗಳಿದ್ದು, ನೋಡಲು ನಿಜವಾದ ಪಾದದಂತೆಯೇ ಇತ್ತು. ಅದು ಸೈನಿಕರಿಗೆಂದೇ ಹುಟ್ಟಿದ್ದಲ್ಲ. ಆದರೂ ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವನು ಗದ್ದೆಗೆ ಇಳಿಯಬಲ್ಲನೆಂಬುದನ್ನು ಅದು ತೋರಿಸಿಕೊಟ್ಟಿತು. ಡಾ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಕೃತಕ ಕಾಲಿನಿಂದಲೇ ಕಷ್ಟಗಳೆಲ್ಲವೂ ತೀರುವುದಿಲ್ಲ. ಅದು ಸವೆಯುತ್ತದೆ, ರಿಪೇರಿಗೆ ದೂರದ ನಗರಕ್ಕೆ ಹೋಗಬೇಕಾಗುತ್ತದೆ. ಬಸ್ಸಿನ ಮೆಟ್ಟಿಲು ಎತ್ತರವಾಗಿರುತ್ತದೆ. ಗಾಲಿಕುರ್ಚಿಯಲ್ಲಿ ಕುಳಿತವನಿಗಂತೂ ಪಂಚಾಯಿತಿ ಕಚೇರಿಯ ಮೂರು ಮೆಟ್ಟಿಲುಗಳೇ ದುರ್ಗಮವಾದ ಬೆಟ್ಟ. ಸಾರ್ವಜನಿಕ ಕಟ್ಟಡಗಳು ಅಂಗವಿಕಲರಿಗೆ ಸುಗಮವಾಗಿರಬೇಕೆಂದು 2016ರ ಕಾನೂನು ವಿಧಿಸಿದೆ. ಆದರೆ ಕಾನೂನು ತಾನೇ ಬಂದು ಕಲ್ಲು ಜೋಡಿಸುವುದಿಲ್ಲ. ಆ ಕೆಲಸವನ್ನು ಊರವರೇ ಮಾಡಿಸಬೇಕು.

ಸ್ವಾತಂತ್ರ್ಯ ದಿನದಂದು ಮಾಜಿ ಯೋಧನನ್ನು ಶಾಲೆಗೆ ಕರೆದು ಹಾರ ಹಾಕುವುದು ಉಚಿತವೇ ಸರಿ. ಆದರೆ ಆತನು ಯಾರ ತೋಳನ್ನೂ ಆಶ್ರಯಿಸದೆ ಆ ವೇದಿಕೆಯನ್ನು ಏರಬಲ್ಲನೇ? ಮೆಟ್ಟಿಲಿನ ಪಕ್ಕದಲ್ಲಿ ಕಟ್ಟಿಸಿದ ಒಂದು ಇಳಿಜಾರು ಹಾರಕ್ಕಿಂತಲೂ ಮಿಗಿಲಾದ ಗೌರವವಾಗಿದೆ.