ಕುಡಿತವನ್ನು ಮುಚ್ಚಿಟ್ಟಾಗ ಏರುವ ಆಸ್ಪತ್ರೆ ಬಿಲ್ಲು

ಮದ್ಯ ಮತ್ತು ಮಾದಕವಸ್ತು ಸೇವನೆಯ ಆಸ್ಪತ್ರೆ ವೆಚ್ಚವೆಂದರೆ ಕೆಟ್ಟ ಯಕೃತ್ತಿನ ಚಿಕಿತ್ಸೆಗೆ ತೆರುವ ಹಣ ಎಂಬ ಗ್ರಹಿಕೆ ಸಾಮಾನ್ಯವಾಗಿದ್ದರೂ, ರೋಗಿಯ ಕುಡಿತವನ್ನು ದಾಖಲಾತಿಯ ಹೊತ್ತಿನಲ್ಲಿ ಮನೆಯವರು ಮರೆಮಾಚುವುದರಿಂದಲೂ ಬಿಲ್ಲು ಬೆಳೆಯುತ್ತದೆ. ಹೀಗೆ ಮರೆಮಾಚುವುದಕ್ಕೆ ಮರ್ಯಾದೆಯಷ್ಟೇ ವಿಮೆಯ ಭಯವೂ ಕಾರಣ. ಏಕೆಂದರೆ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಏಕರೂಪಗೊಳಿಸಿದ ಹೊರಗಿಡುವಿಕೆಗಳಲ್ಲಿ, ಅಂದರೆ ಕಂಪನಿಯು ಹಣ ಕೊಡದಿರಬಹುದಾದ ಸಂದರ್ಭಗಳ ಪಟ್ಟಿಯಲ್ಲಿ, ವ್ಯಸನದ ಚಿಕಿತ್ಸೆಯೂ ಅದರ ಪರಿಣಾಮಗಳೂ ಸೇರಿವೆ.

ಪ್ರಸ್ತುತ ಲೇಖಕರ ತಮ್ಮ ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡು ಖಾಸಗಿ ಆಸ್ಪತ್ರೆಗೆ ಸೇರಿದಾಗ, ವಿಮೆಯ ಒಳಹೊರಗೆಲ್ಲ ತಮಗೆ ಗೊತ್ತೆನ್ನುವ ದೊಡ್ಡ ಭಾವನವರು, ರೋಗಿಯ ಹೆಂಡತಿ ಬಾಯಿ ತೆರೆಯುವ ಮೊದಲೇ, "ಅಂಥಾ ಅಭ್ಯಾಸ ಏನೂ ಇಲ್ಲ ಡಾಕ್ಟ್ರೇ" ಎಂದು ಕೇಸ್ ಶೀಟಿನಲ್ಲಿ ಬರೆಸಿದರು. ನಿತ್ಯ ಕುಡಿಯುವವರಿಗೆ ಮದ್ಯ ಥಟ್ಟನೆ ತಪ್ಪಿದರೆ, ಅದರ ಮಂಕಿಗೆ ಒಗ್ಗಿಹೋಗಿದ್ದ ಮಿದುಳು ಹತೋಟಿ ಮೀರಿ ಕೆರಳುತ್ತದೆ; ಇದರ ಉಗ್ರರೂಪವಾದ ಡೆಲಿರಿಯಮ್ ಟ್ರೆಮೆನ್ಸ್, ಅಂದರೆ ನಡುಕದೊಡನೆ ಬರುವ ಸನ್ನಿ, ಸಾಮಾನ್ಯವಾಗಿ ಕೊನೆಯ ಗುಟುಕಿನ ನಂತರದ 48ರಿಂದ 96 ಗಂಟೆಗಳಲ್ಲಿ ಕಾಣಿಸುತ್ತದೆ. ಮೊದಲೇ ತಿಳಿದಿದ್ದರೆ ಲೊರಾಜೆಪಾಮ್ ಅಥವಾ ಡಯಾಜೆಪಾಮ್ ಮಾತ್ರೆಗಳು, ಥಯಮಿನ್ ಎಂಬ ಬಿ1 ಜೀವಸತ್ವದ ಚುಚ್ಚುಮದ್ದು, ಇವೆಲ್ಲ ಅಗ್ಗದವೇ, ಸಾಮಾನ್ಯವಾಗಿ ಸಾಕಾಗುತ್ತವೆ.

ಮೂರನೆಯ ರಾತ್ರಿ ರೋಗಿಯು ಹೊದಿಕೆಯ ಮೇಲಿಂದ ಇಲ್ಲದ ಇರುವೆಗಳನ್ನು ಒಂದೊಂದಾಗಿ ಹೆಕ್ಕತೊಡಗಿದರು. ಡ್ರಿಪ್ ನಳಿಕೆಯಲ್ಲೂ ಇರುವೆ ಹರಿಯುತ್ತಿದೆಯೆಂದು ಸೂಜಿ ಕಿತ್ತೆಸೆದರು. ಹಾಸಿಗೆಯೆಲ್ಲ ರಕ್ತ ಮತ್ತು ಬೆವರು. ಹೆಂಡತಿಯನ್ನು ಗುರುತಿಸದೆ, ಆಗಷ್ಟೇ ಶಸ್ತ್ರಕ್ರಿಯೆಯಾದ ಕಾಲನ್ನೂರಿ ಇಳಿಯಹೊರಟವರನ್ನು ವಾರ್ಡಿನವರು ಹಿಡಿದು, ಬ್ಯಾಂಡೇಜ್ ಬಟ್ಟೆಯಿಂದ ಎರಡೂ ಮಣಿಕಟ್ಟುಗಳನ್ನು ಮಂಚದ ಸರಳಿಗೆ ಕಟ್ಟಬೇಕಾಯಿತು. ಕರ್ತವ್ಯದಲ್ಲಿದ್ದ ಯುವ ವೈದ್ಯೆ ಭಾವನವರತ್ತ ನೋಡದೆ, ಹೆಂಡತಿಯನ್ನೇ ಪಕ್ಕಕ್ಕೆ ಕರೆದು ಕೇಳಿದ ಮೇಲೆ ನಿಜ ಹೊರಬಿತ್ತು. ಅಷ್ಟರೊಳಗೆ ರೋಗಿ ಐಸಿಯುಗೆ ಹೋಗಿಯಾಗಿತ್ತು, ಮೂಳೆಗೆ ಹಾಕಿದ ರಾಡ್ ಸರಿದಿದ್ದರಿಂದ ಮತ್ತೊಂದು ಶಸ್ತ್ರಕ್ರಿಯೆಯೂ ಬಿಲ್ಲಿಗೆ ಸೇರಿತು.

ಡಿಸ್ಚಾರ್ಜ್ ಪತ್ರದಲ್ಲಿ ಮದ್ಯದ ಉಲ್ಲೇಖ ಕಂಡ ವಿಮಾ ಕಂಪನಿ, ಐಸಿಯು ವೆಚ್ಚವನ್ನಷ್ಟೇ ಅಲ್ಲ, ಮೂಳೆ ಜೋಡಿಸಿದ ಖರ್ಚನ್ನೂ ನಿರಾಕರಿಸಿತು. ಹೆಂಡತಿಯ ಬಳೆಗಳು ಸೊಸೈಟಿಯಲ್ಲಿ ಅಡವಾದವು; ಭಾವನವರು ಮಾತ್ರ ಆ ವೈದ್ಯೆಯೇ ಕೆಲಸ ಕೆಡಿಸಿದರೆಂದು ಇಂದಿಗೂ ವಾದಿಸುತ್ತಾರೆ.

ಆದ್ದರಿಂದ ದಾಖಲಾತಿಯಲ್ಲೇ ಕುಡಿತದ ಪ್ರಮಾಣವನ್ನೂ ಕೊನೆಯ ಬಾರಿ ಕುಡಿದ ವೇಳೆಯನ್ನೂ ಹೇಳುವುದು ಉಚಿತ. ಗಾಂಜಾ, ಮಾತ್ರೆ ಮೊದಲಾದವುಗಳ ವಿಷಯದಲ್ಲೂ ಹಾಗೆಯೇ. ವ್ಯಸನದ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ವಿಭಾಗವಿದೆ, 14446 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಯೂ ಇದೆ. ವಿಮೆ ನಿರಾಕರಿಸಲ್ಪಟ್ಟವರು ಗಮನಿಸಬೇಕಾದ ಸಂಗತಿಯೆಂದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಹಾಗೂ ಮಾದಕವಸ್ತುಗಳಿಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮನೋರೋಗದ ವ್ಯಾಖ್ಯೆಯೊಳಗೇ ಸೇರಿಸಿ, ಮನೋರೋಗಕ್ಕೂ ದೈಹಿಕ ರೋಗದಂತೆಯೇ ವಿಮೆ ಒದಗಿಸಬೇಕೆಂದು 21ನೆಯ ಸೆಕ್ಷನ್ನಿನಲ್ಲಿ ವಿಧಿಸುತ್ತದೆ. ಹೊರಗಿಡುವಿಕೆಯ ಪಟ್ಟಿಗೂ ಈ ವಿಧಿಗೂ ಹೊಂದಿಕೆಯಾಗುವುದು ಹೇಗೆಂಬ ಪ್ರಶ್ನೆಯನ್ನು ಮುಂದಿಟ್ಟು, ಮೊದಲು ಕಂಪನಿಗೆ, ಬಳಿಕ ಶುಲ್ಕವಿಲ್ಲದೆ ದೂರು ಸ್ವೀಕರಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಪ್ರಸ್ತುತ ಪ್ರಕರಣದ ದೂರಿನಲ್ಲಿ ಮೂಳೆಯ ಖರ್ಚನ್ನು ಬೇರೆಯಾಗಿಯೇ ಲೆಕ್ಕಹಾಕಿ ಕೇಳಲಾಗಿದೆ.