ಒಡಲ ದೂತರು: ಸೈಟೊಕೈನುಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹೊಲಗಳಲ್ಲಿ ದುಡಿಯುವವರ ಕಾಲಿಗೆ ಜಾಲಿಮುಳ್ಳು ನೆಡುವುದು ಹೊಸತಲ್ಲ. ಮುಳ್ಳು ನೆಟ್ಟ ಎಡೆ ಕೆಂಪೇರಿ, ಬಿಸಿಯಾಗಿ, ಬಾತು ನೋಯುತ್ತದೆ. ಇದೇ ಉರಿಯೂತ. ಒಳಹೊಕ್ಕ ರೋಗಾಣುಗಳನ್ನು ಗುರುತಿಸಿದ ರಕ್ಷಕ ಜೀವಕೋಶಗಳು ಸೈಟೊಕೈನ್ ಎಂಬ ಪ್ರೋಟೀನುಗಳನ್ನು ಸ್ರವಿಸುತ್ತವೆ. ಇವು ದೂತರಿದ್ದಂತೆ: ಕೆಲವು ಬಿಳಿಯ ರಕ್ತಕಣಗಳನ್ನು ಅಲ್ಲಿಗೆ ಕರೆಯುತ್ತವೆ, ಇಂಟರ್‌ಲ್ಯೂಕಿನ್-1 ಮೊದಲಾದವು ಜ್ವರ ತರಿಸುತ್ತವೆ, 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ವಿವರಿಸಿದ ಇಂಟರ್‌ಫೆರಾನ್ ವೈರಸ್ಸುಗಳ ವೃದ್ಧಿಯನ್ನು ತಡೆಯುತ್ತದೆ. ಕಾರ್ಯ ತೀರಿದ ಮೇಲೆ ಇಂಟರ್‌ಲ್ಯೂಕಿನ್-10ರಂತಹವು ಉರಿಯನ್ನು ಶಮನಗೊಳಿಸುತ್ತವೆ.

ಒಲೆಯ ಬೆಂಕಿ ರೊಟ್ಟಿ ಬೇಯಿಸುತ್ತದೆ. ಬಣವೆಗೆ ತಗುಲಿದರೆ ವರ್ಷದ ಮೇವನ್ನೇ ಸುಡುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ರೋಗಾಣುವಿಲ್ಲದಿದ್ದರೂ ಟಿ.ಎನ್.ಎಫ್. ಮೊದಲಾದ ಸೈಟೊಕೈನುಗಳು ಕೀಲುಗಳನ್ನು ಕೆಡಿಸುತ್ತವೆ. ಕೋವಿಡ್ ಪಿಡುಗಿನಲ್ಲಿಯೂ ಹಲವರ ಶ್ವಾಸಕೋಶ ಹಾಳಾದುದು ವೈರಸ್ಸಿನಿಂದ ಮಾತ್ರವಲ್ಲ, ಮಿತಿಮೀರಿದ ಉರಿಯೂತದಿಂದ. ಉರಿಯೂತವನ್ನು ತಗ್ಗಿಸುವ ಡೆಕ್ಸಮೆಥಸೋನ್ ಎಂಬ ಸ್ಟೀರಾಯ್ಡ್, ಕೃತಕ ಉಸಿರಾಟದಲ್ಲಿದ್ದವರ ಸಾವನ್ನು ಸುಮಾರು ಮೂರನೆಯ ಒಂದು ಪಾಲು ಕಡಿಮೆ ಮಾಡಿತೆಂದು 2020ರ ಜೂನ್ ತಿಂಗಳಲ್ಲಿ ಬ್ರಿಟನ್ನಿನ ಪರೀಕ್ಷೆಯೊಂದು ತೋರಿಸಿತು. ಆದರೆ ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಕಾಯುವ ಬೆಂಕಿಯನ್ನು ಅಕಾಲದಲ್ಲಿ ಆರಿಸಿದರೆ ರೋಗಾಣುವಿಗೇ ಅನುಕೂಲ. ಆದುದರಿಂದ ಸ್ಟೀರಾಯ್ಡ್ ಮಾತ್ರೆಗಳನ್ನು ಕಂಡವರ ಮಾತು ಕೇಳಿ ನುಂಗಲಾಗದು. ವೈದ್ಯರು ಕೊಟ್ಟಿದ್ದನ್ನು ತಾನಾಗಿ ನಿಲ್ಲಿಸಲೂ ಆಗದು. ಉರಿಯೂ ಔಷಧವೂ ಹಿತವಾಗುವುದು ಮಿತಿಯಲ್ಲಿದ್ದಾಗ ಮಾತ್ರವೆಂಬುದನ್ನು ವಿದ್ಯಾರ್ಥಿಗಳು ಮನೆಯ ಹಿರಿಯರಿಗೂ ತಿಳಿಸತಕ್ಕದ್ದು.